ನಾಲ್ಕು ಬೇಡ, ಎರಡು ಸಾಕು

ಕೋಲಾರದ ಎಪಿಎಂಸಿ ಯಾರ್ಡು, ಮೇ ತಿಂಗಳ ಬೆಳಗು. ಹರಾಜು ಕೂಗುವವರ ದನಿ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಹಾಯುತ್ತಿದೆ. ಹದಿನೈದು ಕೆ.ಜಿ. ಟೊಮೆಟೊ ಹಿಡಿಯುವ ಪ್ಲಾಸ್ಟಿಕ್ ಬಾಕ್ಸುಗಳು ಆಳೆತ್ತರಕ್ಕೆ ಪೇರಿಸಿಕೊಂಡಿವೆ. ಕಾಲಿಟ್ಟಲ್ಲೆಲ್ಲ ಜಜ್ಜಿದ ಹಣ್ಣಿನ ರಸ, ಹುಳಿ ವಾಸನೆ. ಹಮಾಲರು ‘ಸೈಡು, ಸೈಡು’ ಎನ್ನುತ್ತಾ ಮೈಗೆ ಮೈ ಉಜ್ಜಿಕೊಂಡೇ ಹೋಗುತ್ತಾರೆ. ನೀವು ಬಿಳಿ ಬೊಲೆರೊ ಪಿಕಪ್ಪೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದೀರಿ. ಗಾಡಿಯ ಓನರೂ ಡ್ರೈವರೂ ಒಬ್ಬನೇ. ಯಾರ್ಡಿನಲ್ಲಿ ಸಣ್ಣವರು ದೊಡ್ಡವರು ಎಲ್ಲರೂ ಅವನನ್ನು ಕರೆಯುವುದು ಅಣ್ಣ ಎಂದೇ. ಅವನೀಗ ಮುಂದಿನ ಎಡಗಡೆ ಚಕ್ರದ ಸಂದಿಯೊಳಗೆ ಕೈ ತೂರಿಸಿ ಏನನ್ನೋ ಸವರುತ್ತಿದ್ದಾನೆ.

“ನೀವೂ ಕೈ ಹಾಕಿ ಸಾರ್. ಇದು ಕಣ್ಣಿಗೆ ಕಾಣ್ಸಲ್ಲ.”

ಅಂಗೈ ಇಡುತ್ತೀರಿ. ಟೈರಿನ ಒಳ ಅಂಚಿನಿಂದ ಹೊರ ಅಂಚಿಗೆ ಎಳೆದರೆ ನುಣ್ಣಗಿದೆ. ಹೊರಗಿನಿಂದ ಒಳಕ್ಕೆ ಎಳೆದ ಕೂಡಲೇ ಗರಗಸದ ಹಲ್ಲಿನ ಹಾಗೆ ರಬ್ಬರಿನ ಏಣುಗಳು ಅಂಗೈ ತರಚುತ್ತವೆ. ಒಳ ಅಂಚಿನ ಗ್ರಿಪ್ಪು ಪೂರಾ ಹೋಗಿದೆ, ಹೊರ ಅಂಚಿನಲ್ಲಿ ಇನ್ನೂ ಜೀವವಿದೆ. ನಿಂತು ನೋಡಿದವರಿಗೆ ಕಾಣುವುದು ಹೊರಗಿನ ಒಳ್ಳೆಯ ಭಾಗ ಮಾತ್ರ. ಬಲಗಡೆಯದರಲ್ಲೂ ಇದೇ ರೋಗದ ಶುರು ಇದೆ, ಆದರೆ ಕಡಿಮೆ.

ಚಕ್ರಗಳು ಕೊಂಚ ಹೊರಕ್ಕೆ ಮುಖ ಮಾಡಿ ಓಡುತ್ತಿವೆ ಅನ್ನುವುದಕ್ಕೆ ಇದು ಗುರುತು. ಟೈರು ಉರುಳುವ ಬದಲು ಒಂದಿಷ್ಟು ಉಜ್ಜಿಕೊಂಡು ಹೋಗುತ್ತಿದೆ, ರಸ್ತೆ ಅದನ್ನು ದಿನಾ ಅರದಿಂದ ತಿಕ್ಕುತ್ತಿದೆ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಓಡಿಸಿದ್ದಾರೆ ಅಂತ ಅರ್ಥ. ನಡು ಸವೆದು ಅಂಚು ಉಳಿದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ತಟ್ಟೆತಟ್ಟೆಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ, ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಹಳೆಯ ಟೈರು ಬಾಯಿಬಿಟ್ಟು ಹೇಳುವ ಇಷ್ಟನ್ನು ಕೇಳಿಸಿಕೊಳ್ಳದೆ ಹೊಸದರ ರೇಟು ಕೇಳಲು ಹೋಗುವವರೇ ಹೆಚ್ಚು.

ಹಿಂದಿನ ಎರಡರ ಕಥೆ ಬೇರೆ. ಅವು ಮೋಸವಿಲ್ಲದೆ ಸಮನಾಗಿ ಸವೆದಿವೆ, ದುಡಿದು ಮುಗಿಸಿವೆ. ಅಂಚಿನ ಮೇಲೆ ಪುಟ್ಟ ತ್ರಿಕೋನದ ಗುರುತಿರುವ ಕಡೆ ನೇರಕ್ಕೆ ಬೆರಳು ಒಯ್ದರೆ ಗೆರೆಯ ತಳದಲ್ಲಿ ಸಣ್ಣ ದಿಬ್ಬ ಸಿಗುತ್ತದೆ. ಗ್ರಿಪ್ಪು ಆ ದಿಬ್ಬದ ಮಟ್ಟಕ್ಕೆ ಇಳಿದರೆ ಉಳಿದಿರುವುದು 1.6 ಮಿಲಿಮೀಟರ್. ಬೈಕು, ಆಟೋ ಬಿಟ್ಟು ಉಳಿದ ವಾಹನಗಳಿಗೆ ಕಾನೂನು ಇಟ್ಟಿರುವ ಗಡಿ ಅದೇ. ಇವು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಆದರೆ ಮುಂಗಾರು ಬಾಗಿಲಲ್ಲಿದೆ. ನೀರು ನಿಂತ ಹೈವೇಯಲ್ಲಿ ಎರಡು ಮಿಲಿಮೀಟರ್ ಗೆರೆ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳೀತು? ಕಾನೂನಿನ ಗಡಿಯವರೆಗೆ ಎಳೆಯುವುದು ಬೇಸಿಗೆಯ ಉಳಿತಾಯ. ಮಳೆಗಾಲಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಯಾರ್ಡಿನಿಂದ ಹೊರಗೆ ಬಂದ ಕೂಡಲೇ ಇರುವ ಟೈರಿನ ಅಂಗಡಿಯವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಬಗ್ಗದೆಯೇ ಹೇಳಿಬಿಡುತ್ತಾನೆ: “ನಾಲ್ಕೂ ಹೋಗವೆ ಅಣ್ಣ. ಒಂದೇ ಸಲ ನಾಲ್ಕೂ ಹಾಕ್ಸಿಬಿಡಿ, ತಲೆನೋವಿರಲ್ಲ. ಒಂದಕ್ಕೆ ಎಂಟು ಸಾವಿರದ ಮುನ್ನೂರು.”

ಮೂವತ್ಮೂರು ಸಾವಿರದ ಇನ್ನೂರು. ಅಣ್ಣ ಮಾತಾಡದೆ ಗಾಡಿಯ ಹಿಂಭಾಗಕ್ಕೆ ಹೋಗಿ ಅಡಿಯಲ್ಲಿ ನೇತಾಡುವ ಸ್ಟೆಪ್ನಿಗೆ ಒಂದು ಒದೆ ಕೊಡುತ್ತಾನೆ. ಅದು ಅರ್ಧ ಸವೆದ ಟೈರು. ಸ್ಟೆಪ್ನಿಯನ್ನು ತೂಗಿಬಿಟ್ಟು ವರ್ಷಗಟ್ಟಲೆ ಮರೆಯುವವನಲ್ಲ ಇವನು, ಐದನ್ನೂ ಸರದಿಯ ಮೇಲೆ ಓಡಿಸಿದ್ದಾನೆ. ಓಡದ ಸ್ಟೆಪ್ನಿಯ ಗ್ರಿಪ್ಪು ಹೊಸದಾಗಿಯೇ ಇರುತ್ತದೆ, ರಬ್ಬರಿಗೆ ಮಾತ್ರ ವಯಸ್ಸಾಗಿ ಪಕ್ಕದಲ್ಲಿ ಬಿರುಕು ಬಿಡುತ್ತದೆ, ಹಾಕಿದ ದುಡ್ಡು ಬಿಸಿಲಿಗೆ ಒಣಗುತ್ತದೆ. ಈಗ ಅವನ ಲೆಕ್ಕ ನೇರವಾಗಿದೆ. ಮುಂದಿನ ಬಲಗಡೆಯದಕ್ಕೆ ಅರ್ಧ ಆಯುಷ್ಯ ಉಳಿದಿದೆ, ಸ್ಟೆಪ್ನಿಗೂ ಅಷ್ಟೇ. ಅವೆರಡನ್ನೂ ಜೋಡಿ ಮಾಡಿ ಮುಂದೆ ಹಾಕಬಹುದು. ಒಳ ಅಂಚು ಹೋದದ್ದನ್ನು ಸದ್ಯಕ್ಕೆ ಸ್ಟೆಪ್ನಿ ಜಾಗಕ್ಕೆ ಏರಿಸಬಹುದು, ಪಂಕ್ಚರ್ ಅಂಗಡಿಯವರೆಗೆ ಓಡಲು ಅಷ್ಟು ಸಾಕು. ಕೊಳ್ಳಬೇಕಾದ್ದು ಹಿಂದಿನ ಎರಡು ಮಾತ್ರ.

ಇನ್ನು ಚೌಕಾಸಿಯಲ್ಲಿ ಟೈರಿಗೆ ನಾನೂರು ಐನೂರು ಇಳಿಸಬಹುದು, ಇಳಿಸಲೇಬೇಕು ಕೂಡ. ಆದರೆ ದೊಡ್ಡ ಮೊತ್ತ ಉಳಿದದ್ದು ಸ್ಟೆಪ್ನಿಗೆ ಒದ್ದ ಈ ಘಳಿಗೆಯಲ್ಲಿ.

ಒಳ ಅಂಚು ಸವೆದದ್ದೇಕೆ ಎಂದು ನೋಡಲು ಹೋದ ಮೆಕ್ಯಾನಿಕ್ ಶೆಡ್ಡಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಎದ್ದಿದೆ. ಹುಡುಗ ಚಕ್ರದ ಎಡಕ್ಕೊಂದು ಬಲಕ್ಕೊಂದು ಕೈ ಕೊಟ್ಟು ಅಲುಗಾಡಿಸುತ್ತಾನೆ. ಕಟ್, ಕಟ್ ಎಂದು ಸಣ್ಣ ಸದ್ದು. ಟೈ ರಾಡ್ ಎಂಡಿನಲ್ಲಿ ಪ್ಲೇ ಬಂದಿದೆ. ಇದನ್ನು ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಕಂಪ್ಯೂಟರ್ ಪರದೆಯ ಮೇಲೆ ಎಲ್ಲ ಹಸಿರು ತೋರಿಸುತ್ತದೆ, ಗಾಡಿ ಮೊದಲನೇ ಹಂಪು ಹಾರಿದ ಮೇಲೆ ಮತ್ತೆ ಅದೇ ರಾಗ. ಎಂಡು, ಕೂಲಿ, ಅಲೈನ್‌ಮೆಂಟ್ ಸೇರಿ ಸಾವಿರದ ಇನ್ನೂರು ಕೈಬಿಡುತ್ತದೆ. ಟೈರು ಕೊಳ್ಳುವ ಮೊದಲು ಮಾಡಬೇಕಾದ ಈ ಖರ್ಚನ್ನು ಜನ ಟೈರು ಹಾಕಿಸಿ ದುಡ್ಡೆಲ್ಲ ಮುಗಿದ ಮೇಲೆ ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಅಷ್ಟರಲ್ಲಿ ಹೊಸ ಟೈರಿನ ಅಂಚು ಹೋಗಿರುತ್ತದೆ.

ಮಧ್ಯಾಹ್ನ ಲೋಡಿಂಗ್ ಶುರು. ಎಂಭತ್ತು ಬಾಕ್ಸು ಕಲಾಸಿಪಾಳ್ಯಕ್ಕೆ. ಟೈರನ್ನು ಬೆಂಗಳೂರಿನಲ್ಲೇ ನೋಡೋಣ ಎಂದು ಅಣ್ಣ ತೀರ್ಮಾನಿಸಿದ್ದು ಇದಕ್ಕೆ. ಟೈರಿಗೆ ಅಂತಲೇ ಎಪ್ಪತ್ತು ಕಿಲೋಮೀಟರ್ ಹೋಗಿ ಬಂದರೆ ಉಳಿಸಿದ್ದು ಡೀಸೆಲ್ಲಿಗೆ ಸಮ. ಬಾಡಿಗೆಯ ಮೇಲೆ ಹೋದರೆ ಆ ದಾರಿಖರ್ಚು ಟೊಮೆಟೊದ ತಲೆಗೆ.

ಲೋಡು ಏರುತ್ತಿರುವಾಗ ಮನೆಯಿಂದ ಫೋನು. ಸ್ಪೀಕರ್ ಹಾಕಿದ್ದರಿಂದ ನಿಮಗೂ ಕೇಳಿಸುತ್ತದೆ. ಗಾಡಿ ಓಡಿಸುವುದು ಇವನು, ಗಾಡಿಯ ಲೆಕ್ಕ ಓಡಿಸುವುದು ಮನೆಯಾಕೆ.

“ಸಾಲಕ್ಕೆ ಕೊಡ್ತೀನಿ ಅಂದ್ರಾ?”

“ಇಲ್ಲೇ ಕೊಡ್ತಾನಂತೆ. ಎರಡು ತಿಂಗಳು ಟೈಮು. ಟೈರಿಗೆ ಐನೂರು ಜಾಸ್ತಿ ಅಷ್ಟೆ.”

“ಅಷ್ಟೆ ಅಂತೀರಲ್ಲ. ಎಂಟು ಸಾವಿರಕ್ಕೆ ಎರಡು ತಿಂಗಳಿಗೆ ಐನೂರು ಅಂದ್ರೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಆಯ್ತು. ಸಂಘದಲ್ಲಿ ಒಂದು ರೂಪಾಯಿಗೆ ಸಿಗ್ತದೆ. ನಾನು ಎತ್ತಿ ಕೊಡ್ತೀನಿ, ಕ್ಯಾಷ್ ಕೊಟ್ಟು ತಗೊಳ್ಳಿ. ಪುಸ್ತಕದಲ್ಲಿ ಬರ್ದಿರೋದು ನೋಡ್ಕೊಂಡು ಹೋಗಿ.”

ಪುಸ್ತಕ ಡ್ಯಾಶ್‌ಬೋರ್ಡಿನಲ್ಲಿದೆ. ಮಕ್ಕಳ ನೂರು ಪುಟದ ನೋಟ್‌ಬುಕ್, ಅಂಚಿಗೆ ಗ್ರೀಸಿನ ಬೆರಳಚ್ಚು. ಯಾವ ಟೈರು ಎಷ್ಟಕ್ಕೆ ಬಂತು, ಹಾಕಿದಾಗ ಮೀಟರ್ ಎಷ್ಟಿತ್ತು, ತೆಗೆದಾಗ ಎಷ್ಟು ಎಂದು ದುಂಡನೆಯ ಅಕ್ಷರದಲ್ಲಿ ಬರೆದಿದೆ. ಒಂದು ಜೋಡಿ ಟೈರಿಗೆ ಆರಾರು ಸಾವಿರ, ಓಡಿದ್ದು ಮೂವತ್ತೊಂದು ಸಾವಿರ ಕಿಲೋಮೀಟರ್. ಇನ್ನೊಂದು ಜೋಡಿ ಏಳು ಸಾವಿರದ ಎಂಟುನೂರರಂತೆ, ಓಡಿದ್ದು ಐವತ್ತೆರಡು ಸಾವಿರ. ಕೂಡಿ ಕಳೆದು ನೋಡಿ: ಮೊದಲನೆಯದು ಕಿಲೋಮೀಟರಿಗೆ ಹತ್ತೊಂಬತ್ತು ಪೈಸೆಯ ಮೇಲೆ ಬಿತ್ತು, ಎರಡನೆಯದು ಹದಿನೈದು ಪೈಸೆಗೆ. ಐವತ್ತು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಅಗ್ಗದ ಟೈರು ಒಂದೊಂದೂ ಎರಡು ಸಾವಿರ ಚಿಲ್ಲರೆ ಜಾಸ್ತಿ ತಿಂದಿದೆ. ದುಬಾರಿಯದೆಲ್ಲ ಹೆಚ್ಚು ಓಡುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ತನ್ನ ಗಾಡಿ, ತನ್ನ ದಾರಿ, ತನ್ನ ಲೋಡಿನ ಮೇಲೆ ಯಾವುದು ಎಷ್ಟು ಓಡಿತು ಅನ್ನುವುದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಜಾಹೀರಾತಿನಲ್ಲಿ ಸಿಗುತ್ತದೆ?

ಕಲಾಸಿಪಾಳ್ಯದಲ್ಲಿ ನಸುಕಿಗೂ ಮೊದಲೇ ಬಾಕ್ಸು ಇಳಿದವು. ಕ್ಯಾಬಿನ್ನಿನಲ್ಲಿ ಒಂದು ಕೋಳಿನಿದ್ದೆ, ಆಮೇಲೆ ಇಡ್ಲಿ. ಹತ್ತು ಗಂಟೆಗೆ ಜೆ.ಸಿ. ರಸ್ತೆಯ ಶಟರ್‌ಗಳು ಒಂದೊಂದಾಗಿ ಕಿರುಗುಟ್ಟುತ್ತಾ ಮೇಲೇಳುತ್ತವೆ. ಟೌನ್‌ಹಾಲಿನಿಂದ ಮಿನರ್ವ ಸರ್ಕಲ್‌ವರೆಗಿನ ಈ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬರುವವರದು ಒಂದು ಲೋಕ, ಬೇರಿಂಗು, ಬಂಪರು, ಹಾರ್ನು ಹುಡುಕಿ ಬರುವವರದು ಇನ್ನೊಂದು. ನೀವು ಇವತ್ತು ಎರಡನೆಯ ಲೋಕದವರು.

ಅಡ್ಡರಸ್ತೆಯ ಫುಟ್‌ಪಾತಿನಲ್ಲಿ ಸೆಕೆಂಡ್‌ಹ್ಯಾಂಡ್ ಟೈರುಗಳ ಸಾಲು. ಕಪ್ಪು ಪಾಲಿಶ್ ಬಳಿದುಕೊಂಡು ಬೆಳಗಿನ ಬಿಸಿಲಿಗೆ ಮಿರಮಿರ ಮಿಂಚುತ್ತಿವೆ. ಒಂದಕ್ಕೆ ಎರಡೂವರೆ ಸಾವಿರ, ಗ್ರಿಪ್ಪೂ ಆಳವಾಗಿದೆ. ಅಣ್ಣ ಒಂದರ ಗೆರೆಯೊಳಗೆ ಉಗುರು ಓಡಿಸಿ ಆ ಸಣ್ಣ ದಿಬ್ಬವನ್ನು ಹುಡುಕುತ್ತಾನೆ. ಇಲ್ಲ. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೆರೆ ಕೊರೆದಿದ್ದಾರೆ, ಕೊರೆಯುವಾಗ ದಿಬ್ಬವೂ ಕೊಚ್ಚಿಹೋಗಿದೆ. ಆ ಗೆರೆಯ ತಳಕ್ಕೂ ಒಳಗಿನ ತಂತಿಗೂ ನಡುವೆ ರಬ್ಬರು ಎಷ್ಟು ಉಳಿದಿದೆಯೋ ದೇವರೇ ಬಲ್ಲ. ಅಣ್ಣ ಪ್ಯಾಂಟಿಗೆ ಕೈ ಒರೆಸಿಕೊಂಡು ಎದ್ದು ನಡೆಯುತ್ತಾನೆ.

ಅವನು ಹೋಗುವ ಅಂಗಡಿ ಅಗಲ ಕಡಿಮೆ, ಉದ್ದ ಜಾಸ್ತಿ. ಒಳಗೆ ಕತ್ತಲು, ಹೊಸ ರಬ್ಬರಿನ ಘಾಟು. ಗಲ್ಲಾದಲ್ಲಿ ಕೂತಿರುವ ಸಾಬ್ರು ಕನ್ನಡಕ ಹಣೆಗೇರಿಸಿ, “ಬರ್ರಿ ಕೋಲಾರ, ಟೊಮೆಟೊ ರೇಟು ಹೆಂಗೈತೆ?” ಅನ್ನುತ್ತಾರೆ. ಟೈರಿನ ಮಾತು ಬರುವುದು ಟೀ ಬಂದ ಮೇಲೆ.

“ಬೊಲೆರೊಗೆ ಎರಡು ಬೇಕಿತ್ತು.”

ಹುಡುಗ ಅಟ್ಟದಿಂದ ಒಂದು ಟೈರು ಉರುಳಿಸಿಕೊಂಡು ಬರುತ್ತಾನೆ. ಪಕ್ಕದಲ್ಲಿ ಉಬ್ಬಕ್ಷರ: 215/75 ಆರ್ 15. ಗಾಡಿಯಲ್ಲಿರುವುದೂ ಇದೇ ಅಳತೆ. ರೇಟು ಮಾತ್ರ ನೀವು ಎಣಿಸಿದ್ದಕ್ಕಿಂತ ಸಾವಿರದ ಮುನ್ನೂರು ಕಡಿಮೆ! ನಿಮ್ಮ ಮುಖ ಅರಳುತ್ತದೆ. ಅಣ್ಣನ ಮುಖ ಅರಳುವುದಿಲ್ಲ. ಅವನು ಮೊಬೈಲಿನ ಟಾರ್ಚ್ ಹಾಕಿ ಅಳತೆಯ ಮುಂದಿನ ಅಂಕಿ ಓದುತ್ತಾನೆ. 100, ಅದರ ಪಕ್ಕ ಇಂಗ್ಲಿಷಿನ ಎಸ್.

“ಸಾಬ್ರೇ, ಇದು ಪ್ಯಾಸೆಂಜರ್ ಬೊಲೆರೊದು.”

“ಹೌದಲ್ವಾ ಮತ್ತೆ, ನೀವು ಬೊಲೆರೊ ಅಂದ್ರಲ್ಲ. ಪಿಕಪ್ ಅನ್ಬೇಕು.” ಸಾಬ್ರು ನಗುತ್ತಾರೆ. ಹುಡುಗ ಅದನ್ನು ಒಳಗೆ ಉರುಳಿಸಿ ಇನ್ನೊಂದು ತರುತ್ತಾನೆ. ಅದೇ 215/75 ಆರ್ 15, ಜೊತೆಗೆ ಎಲ್‌ಟಿ ಎಂಬ ಎರಡಕ್ಷರ, ಮುಂದೆ 106. ಇದು ಭಾರದ ಸಂಕೇತ. 100 ಅಂದರೆ ಆ ಟೈರು ಹೊರಬಲ್ಲದ್ದು 800 ಕೆ.ಜಿ., 106 ಅಂದರೆ 950. ಎಸ್ ಅನ್ನುವುದು ವೇಗದ ಮಿತಿ, ಗಂಟೆಗೆ 180 ಕಿಲೋಮೀಟರ್. ಟೊಮೆಟೊ ಹೊತ್ತ ಪಿಕಪ್ಪಿಗೆ ಆ ವೇಗ ಯಾಕೆ ಬೇಕು, ಬೇಕಾದ್ದು ಬೆನ್ನಿನ ಬಲ. ಹಿಂದಿನ ಎರಡು ಚಕ್ರಕ್ಕೆ ಸೇರಿ ಮುನ್ನೂರು ಕೆ.ಜಿ. ವ್ಯತ್ಯಾಸ, ಅಂದರೆ ಇಪ್ಪತ್ತು ಬಾಕ್ಸು ಟೊಮೆಟೊ. ಅಳತೆ ಒಂದೇ, ರಿಮ್ಮಿಗೆ ಸರಿಯಾಗಿ ಕೂರುತ್ತದೆ, ಖಾಲಿ ಗಾಡಿಯಲ್ಲಿ ಮೆತ್ತಗೆ ಓಡುತ್ತದೆ ಕೂಡ. ಲೋಡು ಬಿದ್ದು, ಮೇ ತಿಂಗಳ ಡಾಂಬರು ಕಾದು, ಗಾಡಿ ಎಂಭತ್ತರಲ್ಲಿ ಓಡುವಾಗ ಪಕ್ಕದ ಗೋಡೆ ಬಿಸಿಯಾಗಿ ಸೀಳುತ್ತದೆ. ಅಂಗಡಿಗೆ ಬರುವವರಲ್ಲಿ ಅಳತೆಯವರೆಗೆ ಓದಿ ನಿಲ್ಲಿಸುವವರೇ ಹೆಚ್ಚು. ಮೋಸ ಹೋಗುವುದೂ, ಯಾರೂ ಮೋಸ ಮಾಡದೆಯೇ ಕೆಡುವುದೂ ಅಲ್ಲಿಂದ ಮುಂದಿನ ಅಂಕಿಯಲ್ಲಿ.

ಎಲ್‌ಟಿ ಟೈರು ಎರಡು ಬಂದವು. ಹುಡುಗ ಅವನ್ನು ಗೋಡೆಗೆ ಒರಗಿಸಿಟ್ಟಿದ್ದಾನೆ. ಅಣ್ಣ ಎರಡನ್ನೂ ತಿರುಗಿಸಿ ಗೋಡೆಯ ಕಡೆ ಇದ್ದ ಮುಖವನ್ನು ಬೆಳಕಿಗೆ ತರುತ್ತಾನೆ. ತಯಾರಾದ ತಾರೀಕು ಬಹಳ ಸಲ ಒಂದೇ ಪಕ್ಕದಲ್ಲಿರುತ್ತದೆ. ಉದ್ದುದ್ದ ಗುಂಡು ಚೌಕಟ್ಟಿನೊಳಗೆ ನಾಲ್ಕು ಅಂಕಿ. ಒಂದರಲ್ಲಿ 0826. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ: 2026ರ ಎಂಟನೇ ವಾರ, ಅಂದರೆ ಈ ಫೆಬ್ರವರಿಯ ಮಾಲು. ಇನ್ನೊಂದರಲ್ಲಿ 2924.

“ಇದು ಎರಡು ವರ್ಷದ್ದು.”

“ಎರಡು ವರ್ಷ ಎಲ್ಲಿ ಆಗೈತೆ, ಜುಲೈಗೆ ಆಗ್ತದೆ. ನೆರಳಲ್ಲಿ ಇಟ್ಟಿದ್ದು, ಬಿಸಿಲು ಕಂಡಿಲ್ಲ. ಅದಕ್ಕೆ ಒಂಬೈನೂರು ಕಮ್ಮಿ ಕೊಡಿ.”

ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದಿನಾ ಓಡುವ ಗಾಡಿಗೆ ಟೈರು ಸವೆಯುವುದು ರಸ್ತೆಯಿಂದ, ವಯಸ್ಸಾಗಿ ಬಿರುಕು ಬಿಡುವ ಮೊದಲೇ ಗ್ರಿಪ್ಪು ಮುಗಿದಿರುತ್ತದೆ. ಅಂಥವನಿಗೆ ಹಳೇ ಸ್ಟಾಕು ಒಳ್ಳೆಯ ವ್ಯಾಪಾರವೇ. ವಾರಕ್ಕೊಮ್ಮೆ ತೋಟಕ್ಕೆ ಹೋಗಿಬರಲು ಪಿಕಪ್ ಇಟ್ಟುಕೊಂಡವರಿಗೆ ಅದು ನಷ್ಟ, ಅವರ ಟೈರು ನಿಂತಲ್ಲೇ ಮುದಿಯಾಗುತ್ತದೆ. ಅಣ್ಣ ಬೇಡ ಅಂದದ್ದು ಬೇರೆ ಕಾರಣಕ್ಕೆ: ಆ ತಾರೀಕಿನದು ಒಂದೇ ಉಳಿದಿದೆ, ಹಿಂದೆ ಹಾಕುವ ಜೋಡಿ ಒಂದೇ ಸಮ ಇರಲಿ ಅಂತ. ಹುಡುಗ ಗೊಣಗುತ್ತಾ ಅಟ್ಟ ಹತ್ತಿ ಇನ್ನೊಂದು 0826 ತರುತ್ತಾನೆ. ಎರಡರಲ್ಲೂ ಐಎಸ್‌ಐ ಗುರುತಿದೆ. ಅದಿಲ್ಲದ ಟೈರನ್ನು ಈ ದೇಶದಲ್ಲಿ ಮಾರುವಂತೆಯೇ ಇಲ್ಲ.

ಯಾವ ಕಂಪನಿಯದು ಒಳ್ಳೆಯದು ಅನ್ನುವ ಚರ್ಚೆ ಎದ್ದರೆ ಸಂಜೆಯವರೆಗೆ ಮುಗಿಯುವುದಿಲ್ಲ. ಪಕ್ಕದಲ್ಲಿ ಲಾರಿಯ ಟೈರಿಗೆ ಕಾಯುತ್ತಿದ್ದ ಹಿರಿಯ ಡ್ರೈವರೊಬ್ಬರು, “ನಮ್ ಮೈಸೂರಿನ ವಿಕ್ರಾಂತ್ ಇತ್ತಲ್ಲ, ಆ ಕಾಲದ್ದು” ಎಂದು ಶುರುಮಾಡುತ್ತಾರೆ. ಮೈಸೂರಿನ ಆ ಕಾರ್ಖಾನೆ 1997ರಲ್ಲೇ ಜೆ.ಕೆ. ಕಂಪನಿಯ ಕೈಸೇರಿತು. ಮೈಸೂರು ಟೈರಿನ ಮೇಲೆ ಇವರಿಗಿರುವ ಅಭಿಮಾನ ಮಾತ್ರ ಇನ್ನೂ ಹಳೆಯ ಮಾಲೀಕರ ಹೆಸರಲ್ಲೇ ಓಡುತ್ತಿದೆ. ಅಣ್ಣನ ಆಯ್ಕೆಗೆ ನೋಟ್‌ಬುಕ್ಕಿನ ಐವತ್ತೆರಡು ಸಾವಿರ ಸಾಕು.

ಈಗ ರೇಟು. ಸಾಬ್ರು ಎಂಟು ಸಾವಿರದ ಇನ್ನೂರು ಅನ್ನುತ್ತಾರೆ. ಅಣ್ಣ ಮಗ ಕಳಿಸಿದ ಆನ್‌ಲೈನ್ ರೇಟಿನ ಫೋಟೊ ತೋರಿಸುತ್ತಾನೆ. ಸಾಬ್ರು ಅದನ್ನು ಕನ್ನಡಕ ಇಳಿಸಿ ನೋಡಿ, “ಇದ್ರಲ್ಲಿ ಫಿಟ್ಟಿಂಗ್ ಎಲ್ಲಿ ಐತೆ? ವಾಲ್ವು? ಬ್ಯಾಲೆನ್ಸಿಂಗ್? ಹಳೇ ಟೈರು ಮೊಬೈಲ್ ತಗೊಳ್ತದಾ?” ಅನ್ನುತ್ತಾರೆ. ಮಾತು ನಿಜವೇ. ಹಾಗಾಗಿ ಚೌಕಾಸಿಯನ್ನು ಬಿಡಿಬಿಡಿಯಾಗಿ ಮಾಡದೆ ಎಲ್ಲ ಸೇರಿಸಿ ಒಂದೇ ಮೊತ್ತಕ್ಕೆ ತರುವುದು ಅಣ್ಣನ ಪದ್ಧತಿ. ಬಿಡಿಯಾಗಿ ಹೋದರೆ ಟೈರಿನಲ್ಲಿ ಬಿಟ್ಟ ಮುನ್ನೂರು ವಾಲ್ವಿನಲ್ಲೂ ಸೀಸದ ತೂಕದಲ್ಲೂ ವಾಪಸು ಹೋಗುತ್ತದೆ.

ಅವನ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮೂಲಬೆಲೆ 6,600 ರೂಪಾಯಿ ಇದ್ದ ಟೈರು ಆಗ 8,448 ಆಗುತ್ತಿತ್ತು, ಅದೇ ಮೂಲಬೆಲೆಗೆ ಈಗ 7,788. “ಕೋಲಾರದವ್ನು ಹಳೇ ರೇಟೇ ಬಾಯಿಪಾಠ ಮಾಡ್ಕೊಂಡವ್ನೆ. ನೀವೂ ಹಂಗೇ ಹೇಳಿದ್ರೆ?” ಸಾಬ್ರು ಕ್ಯಾಲ್ಕುಲೇಟರ್ ಒತ್ತುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ, ಫೋನಿನಲ್ಲಿ ಯಾರನ್ನೋ ಕೇಳಿದ ಹಾಗೆ ಮಾಡುತ್ತಾರೆ. ಫಿಟ್ಟಿಂಗ್, ವಾಲ್ವು, ಬ್ಯಾಲೆನ್ಸಿಂಗ್ ಎಲ್ಲ ಒಳಗೇ ಸೇರಿ ಟೈರಿಗೆ ಏಳು ಸಾವಿರದ ಏಳುನೂರೈವತ್ತು.

“ಬಿಲ್ಲು ಬೇಡ ಅಂದ್ರೆ ಇನ್ನೂ ನಾನೂರು ಬಿಡ್ತೀನಿ,” ದನಿ ಕೊಂಚ ತಗ್ಗಿದೆ.

ಎರಡು ಟೈರಿಗೆ ಎಂಟುನೂರು. ಒಂದು ದಿನದ ಊಟ, ಟೀ, ಮೇಲೊಂದಿಷ್ಟು. ಅಣ್ಣ ತಲೆ ಅಲ್ಲಾಡಿಸುತ್ತಾನೆ. ಟೈರಿನ ಪಕ್ಕ ತಯಾರಿಕೆಯ ದೋಷದಿಂದ ಉಬ್ಬಿದರೆ ಕಂಪನಿಯವರು ಉಳಿದ ಗ್ರಿಪ್ಪು ಅಳೆದು ಅಷ್ಟಕ್ಕೆ ಪರಿಹಾರ ಕೊಡುತ್ತಾರೆ. ಕಾಲು ಭಾಗ ಸವೆದಿದ್ದರೆ ಮುಕ್ಕಾಲು ಭಾಗದ ಬೆಲೆ ಹೊಸ ಟೈರಿನಲ್ಲಿ ಕಳೆಯುತ್ತದೆ. ಹಳ್ಳಕ್ಕೆ ಬಿದ್ದು ಕಿತ್ತಿದ್ದು, ಓವರ್‌ಲೋಡಿಗೆ ಸತ್ತದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಬಂದರೂ ಬಾರದಿದ್ದರೂ ಮೊದಲು ಕೇಳುವುದು ಬಿಲ್ಲು, ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರು. ಇಲ್ಲದಿದ್ದರೆ ಮಾತೇ ಮುಗಿಯಿತು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗಾದರೆ ಸರಕು ಗಾಡಿಯ ಟೈರಿನ ತೆರಿಗೆ ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಲೂ ಬಿಲ್ಲು ಬೇಕು. ಅಂಥವರು ನಾನೂರಕ್ಕೆ ಆಸೆಪಟ್ಟು ಸಾವಿರ ಬಿಡುತ್ತಾರೆ. ಅಣ್ಣನಿಗೆ ನೋಂದಣಿ ಇಲ್ಲ, ಅವನಿಗೆ ಕ್ಲೇಮಿನ ಹಂಗು ಮಾತ್ರ.

ಫಿಟ್ಟಿಂಗ್ ಅಂಗಡಿಯ ಮುಂದೆ, ಬೀದಿಯಲ್ಲೇ. ಹಳೆಯ ಎರಡೂ ಕಳಚಿ ಬಿದ್ದಿವೆ. ಸಾಬ್ರು ಕೇಸಿಂಗಿಗೆ ಒಂದಕ್ಕೆ ನಾನೂರೈವತ್ತು ಅಂದಿದ್ದಾರೆ, ಅಣ್ಣನಿಗೆ ರೀಸೋಲ್ ಮಾಡಿಸಿದರೆ ಹೇಗೆ ಎಂಬ ಚಪಲ. ಲಾರಿಯವರಂತೂ ಇದರ ಮೇಲೆಯೇ ಬದುಕಿದ್ದಾರೆ. ಸವೆದ ಮೇಲ್ಮೈಯನ್ನು ಯಂತ್ರದಲ್ಲಿ ಉಜ್ಜಿ, ಅಂಟುರಬ್ಬರು ಹಾಸಿ, ಮೊದಲೇ ಗೆರೆ ಮೂಡಿಸಿ ಬೇಯಿಸಿಟ್ಟ ಪಟ್ಟಿ ಸುತ್ತಿ, ಚೇಂಬರಿನಲ್ಲಿ ನೂರು ಡಿಗ್ರಿಯ ಆಸುಪಾಸಿನ ಬಿಸಿಗೆ ಒತ್ತಡದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಎರಡೂವರೆ ಸಾವಿರ ಕೊಟ್ಟು ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದರೂ ಪೈಸೆ ಲೆಕ್ಕದಲ್ಲಿ ಹನ್ನೆರಡೂವರೆ, ಹೊಸದಕ್ಕಿಂತ ಅಗ್ಗ. ಆದರೆ ಅದೆಲ್ಲ ಕೇಸಿಂಗ್ ಗಟ್ಟಿ ಇದ್ದರೆ. ಅಣ್ಣ ಟೈರಿನ ಬಾಯಿ ಅಗಲಿಸಿ ಒಳಗೆ ಟಾರ್ಚ್ ಬಿಡುತ್ತಾನೆ, ನೀವೂ ತಲೆ ತೂರಿಸುತ್ತೀರಿ. ಒಂದರ ಒಳಮೈ ಸ್ವಚ್ಛ. ಇನ್ನೊಂದರಲ್ಲಿ, ಭುಜದ ಹತ್ತಿರದ ಹಳೇ ಪ್ಯಾಚಿನ ಪಕ್ಕ, ಕೂದಲೆಳೆಯಷ್ಟು ಸಣ್ಣ ತಂತಿಯ ತುದಿ ತುಕ್ಕು ಹಿಡಿದು ಹೊರಗೆ ಇಣುಕಿದೆ. ನೀರು ಒಳಗಿಳಿದಿದೆ. ಅದನ್ನು ರೀಸೋಲಿಗೆ ಕೊಡುವುದು ದುಡ್ಡು ದಂಡ. ಉಳಿದ ಒಂದಕ್ಕೆ ಜೋಡಿ ಇಲ್ಲ. ಎರಡೂ ಸಾಬ್ರಿಗೆ.

ಹೊಸ ಟೈರು ಮುಂದೆ ಹಾಕಬೇಕೋ ಹಿಂದೆಯೋ ಎಂದು ಅಲ್ಲಿ ಸಣ್ಣ ಜಗಳವೇ ಆಗುತ್ತದೆ. ಹಿರಿಯ ಡ್ರೈವರ್ ಹೇಳುವುದು: “ಹೊಸದು ಮುಂದೆ ಹಾಕು ಮಗಾ. ಮುಂದಿಂದು ಒಡೆದ್ರೆ ಸ್ಟೇರಿಂಗ್ ಕೈಗೆ ಸಿಗಲ್ಲ.” ಸಾಬ್ರ ಪ್ರಕಾರ ಕಂಪನಿಯವರು ಹೇಳುವುದು ಹಿಂದೆ, ಮಳೆಯಲ್ಲಿ ಹಿಂಭಾಗ ಜಾರಿ ಗಾಡಿ ಗಿರ್ರನೆ ತಿರುಗಬಾರದು ಅಂತ. ಇಬ್ಬರ ಮಾತಿನಲ್ಲೂ ಹುರುಳಿದೆ. ಇಲ್ಲಿ ಮುಂದೆ ಹೋಗುತ್ತಿರುವುದು ಬೋಳು ಟೈರಲ್ಲ, ಅರ್ಧ ಗ್ರಿಪ್ಪಿರುವ ಒಳ್ಳೆಯ ಜೋಡಿ, ಟೊಮೆಟೊ ಕೂರುವುದು ಹಿಂದೆ, ಮಳೆ ಬರುತ್ತಿದೆ. ನನ್ನ ಓಟೂ ಹಿಂದಕ್ಕೇ. ಹಿರಿಯರು ಒಪ್ಪಲಿಲ್ಲ, ಬೀಡಿ ಹಚ್ಚಿಕೊಂಡು ಪಕ್ಕಕ್ಕೆ ಹೋದರು.

ಹುಡುಗ ಟೈರಿನ ಬಾಯಂಚಿಗೆ ಸೋಪಿನ ನೊರೆ ಬಳಿದು ರಿಮ್ಮಿಗೆ ಏರಿಸುತ್ತಾನೆ. ಗಾಳಿ ತುಂಬುತ್ತಿದ್ದಂತೆ ಟೈರು ಮೈಮುರಿದು, ಫಟ್ ಎಂದು ಒಂದು ಸದ್ದು, ಕ್ಷಣ ಬಿಟ್ಟು ಇನ್ನೊಂದು. ಎರಡೂ ಅಂಚು ರಿಮ್ಮಿನಲ್ಲಿ ಕೂತವು. ನಿಮ್ಮ ಎದೆ ಎರಡೂ ಸಲ ಧಸಕ್ಕೆನ್ನುತ್ತದೆ, ಹುಡುಗನ ರೆಪ್ಪೆಯೂ ಅಲುಗುವುದಿಲ್ಲ. ಅವನು ಕೈಗೆ ಬಂದಷ್ಟು ಗಾಳಿ ಹಾಕಿ ಪೈಪು ಕೀಳುತ್ತಾನೆ. ಅಣ್ಣ ಡ್ಯಾಶ್‌ಬೋರ್ಡಿನಿಂದ ತನ್ನದೇ ಗೇಜು ತಂದು ಒತ್ತಿ ನೋಡಿ, ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಲೋಡಿಗೆ ಎಷ್ಟು ಅಂತ ಬರೆದಿದೆಯೋ ಅಷ್ಟಕ್ಕೆ ತರಿಸುತ್ತಾನೆ. ಮುಂದಕ್ಕೊಂದು ಲೆಕ್ಕ, ಹಿಂದಕ್ಕೊಂದು ಲೆಕ್ಕ, ನೋಡಬೇಕಾದ್ದು ಟೈರು ತಣ್ಣಗಿರುವಾಗ. ನೈಟ್ರೋಜನ್ ಹಾಕಿಸಿ ಎಂಬ ಬೋರ್ಡು ಎದುರಿಗೇ ಇದೆ. ನಾವು ಉಸಿರಾಡುವ ಗಾಳಿಯಲ್ಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಅದೇ ಇದೆ. ವಾರಕ್ಕೊಮ್ಮೆ ಗೇಜು ಹಿಡಿಯುವವನಿಗೆ ಆ ಖರ್ಚು ದಂಡ.

ನಟ್ಟುಗಳನ್ನು ಎದುರುಬದುರಾಗಿ ಬಿಗಿದದ್ದಾಯಿತು. ಹದಿನೈದು ಸಾವಿರದ ಐನೂರರಲ್ಲಿ ಕೇಸಿಂಗಿನ ಒಂಬೈನೂರು ಕಳೆದು ಹದಿನಾಲ್ಕು ಸಾವಿರದ ಆರುನೂರು ಎಣಿಸಿ, ಬಿಲ್ಲಿನ ನಂಬರನ್ನು ಟೈರಿನ ನಂಬರಿನ ಜೊತೆ ಬೆರಳಿಟ್ಟು ತಾಳೆ ನೋಡಿ, ನಿಂಬೆಹಣ್ಣಿಗೆ ಇಪ್ಪತ್ತು ರೂಪಾಯಿ ಕೊಟ್ಟು, ಅದರ ಮೇಲೆ ಗಾಡಿ ಹತ್ತಿಸಿ ಹೊರಟದ್ದು ಒಂದೂವರೆಗೆ. ನಿಂಬೆಹಣ್ಣಿನಲ್ಲಿ ಮಾತ್ರ ಅಣ್ಣ ಚೌಕಾಸಿ ಮಾಡಲಿಲ್ಲ.

ಹೊಸಕೋಟೆ ದಾಟಿ ಇನ್ನೊಂದಿಷ್ಟು ದೂರ ಹೋದ ಮೇಲೆ ಹೈವೇ ಪಕ್ಕದ ಟೀ ಅಂಗಡಿಯಲ್ಲಿ ಗಾಡಿ ನಿಲ್ಲುತ್ತದೆ. ಹೊಸದಾಗಿ ಕಳಚಿ ಹಾಕಿದ ಚಕ್ರದ ನಟ್ಟು ಒಂದಿಷ್ಟು ಓಡಿದ ಮೇಲೆ ಸಡಿಲ ಬಿಡುವುದುಂಟು. ಅಣ್ಣ ವೀಲ್ ಸ್ಪ್ಯಾನರ್ ಹಿಡಿದು ಒಂದೊಂದನ್ನೇ ಒತ್ತುತ್ತಾನೆ. ಹಿಂದಿನ ಬಲಗಡೆಯದರಲ್ಲಿ ಒಂದು ನಟ್ಟು ಕಾಲು ಸುತ್ತು ತಿರುಗುತ್ತದೆ. ಅಷ್ಟರಲ್ಲಿ ಫೋನು.

“ಬಿಲ್ಲು ತಗೊಂಡ್ರಾ?”

“ತಗೊಂಡೆ.”

“ಮೀಟರ್ ಎಷ್ಟೈತೆ, ಹೇಳಿ, ಬರ್ಕೊಳ್ತೀನಿ. ಹಳೇವಕ್ಕೆ ಎಷ್ಟು ಕೊಟ್ರು?”

“ಒಂಬೈನೂರು.”

“ಎರಡಕ್ಕಾ, ಒಂದಕ್ಕಾ?”

ಅಣ್ಣ ಉತ್ತರ ಹುಡುಕುವ ಮೊದಲೇ ಇನ್ನೊಂದು ಕರೆ ನಡುವೆ ಬರುತ್ತದೆ. ಯಾರ್ಡಿನ ಪಾರ್ಟಿ. ನಾಳೆಗೆ ನೂರಿಪ್ಪತ್ತು ಬಾಕ್ಸು ಹಾಕಬೇಕಂತೆ, ಒಂದೇ ಟ್ರಿಪ್ಪಿಗೆ. ಹಣ್ಣು, ಡಬ್ಬ ಸೇರಿ ಎರಡು ಟನ್ನಿಗೆ ಸ್ವಲ್ಪವೇ ಕಡಿಮೆ.

“ನೂರು ಹಾಕ್ತೀನಿ ಸಾಮಿ. ಮಿಕ್ಕಿದ್ದಕ್ಕೆ ಬೇರೆ ಗಾಡಿ ನೋಡ್ಕೊಳ್ಳಿ.”

ಆ ಕಡೆಯವರು ಫೋನು ಇಟ್ಟುಬಿಡುತ್ತಾರೆ. ಟೀ ಮುಗಿಯುವುದರೊಳಗೆ ಮತ್ತೆ ಮಾಡುತ್ತಾರೆ. ಬಾಡಿಗೆಗೆ ಇನ್ನೂರು ಸೇರಿಸಿ ನೂರೈದಕ್ಕೆ ಮಾತಾಗುತ್ತದೆ.